ವಿಟ್‌ಮನ್ ಕೌಂಟಿಗೆ ಬರುತ್ತಿರುವ ತಂಗಿಗೆ

ತಂಗಿ,

ನಿನ್ನ ಪತ್ರ ಓದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಗೋಧಿಯ ಭಂಡಾರ ರೋಗದ, ಎಂದರೆ ತುಕ್ಕು ರೋಗದ, ಮೇಲೆ ಸಂಶೋಧನೆ ಮಾಡಲು ಆಗಸ್ಟ್‌ನಲ್ಲಿ ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದೀಯೆ ಎಂದು ತಿಳಿದು ಬಹಳ ಸಂತೋಷವಾಯಿತು. ವಾಷಿಂಗ್ಟನ್ ಎಂದ ಕೂಡಲೇ ಮನೆಯಲ್ಲಿ ಒಬ್ಬರು ಶ್ವೇತಭವನ ಎಂದರಂತೆ, ಇನ್ನೊಬ್ಬರು ಸಿಯಾಟಲ್‌ನ ಸಾಫ್ಟ್‌ವೇರ್ ಕಚೇರಿಗಳು ಎಂದರಂತೆ. ನಕ್ಷೆ ತೆಗೆದು ನೋಡಿದರೆ ಪುಲ್‌ಮನ್ ಸುತ್ತ ಏನೂ ಕಾಣಲಿಲ್ಲ ಎಂದು ಬರೆದಿದ್ದೀಯೆ. ಅಲ್ಲಿ ಏನಿದೆ, ಜನ ಯಾವುದರ ಮೇಲೆ ಬದುಕುತ್ತಾರೆ, ಅವರೆಲ್ಲ ಎಲ್ಲಿಂದ ಬಂದವರು, ಗದಗ ಜಿಲ್ಲೆಯ ಹಳ್ಳಿಯಿಂದ ಬಂದ ಹುಡುಗಿ ಒಬ್ಬಳೇ ಅಲ್ಲಿ ಬಾಳಬಹುದೇ ಎಂದು ಕೇಳಿದ್ದೀಯೆ. ಅಕ್ಕಾ ಎಂದು ಕರೆದಿರುವುದರಿಂದ ನಾನೂ ನೀನು ಎಂದೇ ಬರೆಯುತ್ತೇನೆ. ನಾನೂ ರೋಣದ ಕಡೆಯವಳು.

ನಕ್ಷೆಯಲ್ಲಿ ಖಾಲಿ ಕಂಡದ್ದೆಲ್ಲ ಹೊಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿನ್ನ ಕೊನೆಯ ಪ್ರಶ್ನೆಗೆ ಉತ್ತರವೂ ಆ ಹೊಲಗಳಲ್ಲೇ ಇದೆ. ಪ್ರಯೋಗಾಲಯ, ಬಾಡಿಗೆ ಮನೆ, ದಿನಸಿ ಅಂಗಡಿ, ಈ ಮೂರರ ನಡುವೆ ಓಡಾಡಿಕೊಂಡು ಪದವಿ ಮುಗಿಸಿದ ನಮ್ಮ ಮಕ್ಕಳನ್ನು ಬಹಳ ನೋಡಿದ್ದೇನೆ. ಅವರಿಗೆ ಪುಲ್‌ಮನ್ ಎಂದರೆ ಚಳಿ ಮತ್ತು ಏಕಾಂತ. ವಾರಕ್ಕೊಮ್ಮೆಯಾದರೂ ಊರಾಚೆ ಹೋದವರು, ಒಬ್ಬ ರೈತನನ್ನಾದರೂ ಹೆಸರು ಹಿಡಿದು ಮಾತಾಡಿಸುವಷ್ಟು ಪರಿಚಯ ಮಾಡಿಕೊಂಡವರು ಬೇರೆ ರೀತಿಯಲ್ಲೇ ಬದುಕಿದರು. ನೀನು ಎರೆ ಹೊಲದಿಂದ ಬರುವವಳು. ಈ ನೆಲ ನಿನಗೆ ಬೇಗ ಹತ್ತಿರವಾಗುತ್ತದೆ.

ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು. ಪುಲ್‌ಮನ್ ಇರುವ ವಿಟ್‌ಮನ್ ಕೌಂಟಿ ವಾಷಿಂಗ್ಟನ್ ರಾಜ್ಯದ ಆಗ್ನೇಯ ಭಾಗದಲ್ಲಿದೆ. ಪೂರ್ವಕ್ಕೆ ಐಡಹೊ ರಾಜ್ಯ, ದಕ್ಷಿಣದ ಗಡಿಗೆ ಸ್ನೇಕ್ ನದಿ. ಸಿಯಾಟಲ್ ಸುಮಾರು 460 ಕಿಲೋಮೀಟರ್ ದೂರ. ನಡುವೆ ಕ್ಯಾಸ್ಕೇಡ್ ಪರ್ವತಸಾಲು. ಸಮುದ್ರದ ಕಡೆಯಿಂದ ಬರುವ ಮೋಡಗಳು ತಮ್ಮ ನೀರನ್ನೆಲ್ಲ ಆ ಬೆಟ್ಟಗಳ ಆಚೆಯೇ ಸುರಿದು ಹಗುರಾಗುತ್ತವೆ. ಆದ್ದರಿಂದ ಸಿಯಾಟಲ್ ಕುರಿತು ಕೇಳಿದ್ದು ಯಾವುದೂ ಇಲ್ಲಿಗೆ ಹೊಂದುವುದಿಲ್ಲ. ಹತ್ತಿರದ ದೊಡ್ಡ ಊರು ಸ್ಪೋಕ್ಯಾನ್, ಉತ್ತರಕ್ಕೆ 120 ಕಿಲೋಮೀಟರ್. ಕೌಂಟಿಯ ವಿಸ್ತೀರ್ಣ ಸುಮಾರು 5,640 ಚದರ ಕಿಲೋಮೀಟರ್, ಎಂದರೆ ಗದಗ ಜಿಲ್ಲೆಗಿಂತ ದೊಡ್ಡದು. ಗದಗ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೇ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿದ್ದರು. ಇಲ್ಲಿ 2020ರ ಜನಗಣತಿಯಲ್ಲಿ ಸಿಕ್ಕವರು 47,973. ಅವರಲ್ಲಿ 32,901 ಜನ ಪುಲ್‌ಮನ್ ಒಂದರಲ್ಲೇ ಇದ್ದಾರೆ, ಆ ಲೆಕ್ಕದಲ್ಲಿ ವಿದ್ಯಾರ್ಥಿಗಳೂ ಸೇರಿದ್ದಾರೆ. ಕೌಂಟಿಯ ಆಡಳಿತ ಕೇಂದ್ರ ಕೋಲ್‌ಫ್ಯಾಕ್ಸ್, ಮೂರು ಸಾವಿರ ಜನವೂ ಇಲ್ಲದ ಊರು. ಉಳಿದವೆಲ್ಲ ಹಳ್ಳಿಗಳು.

ಈ ಸೀಮೆಗೆ ಪಲೂಸ್ ಎನ್ನುತ್ತಾರೆ. ಸಮತಟ್ಟು ನೆಲ ಎಲ್ಲೂ ಕಾಣುವುದಿಲ್ಲ. ಕಣ್ಣು ಹಾಯುವವರೆಗೂ ದುಂಡನೆಯ ದಿಬ್ಬಗಳು, ಒಂದರ ಬೆನ್ನಿಗೆ ಒಂದು. ಅಡಿಯಲ್ಲಿರುವುದು ಲಾವಾ ಹರಿದು ಆರಿದ ಕರಿಕಲ್ಲು, ಸುಮಾರು ಒಂದೂವರೆ ಕೋಟಿ ವರ್ಷ ಹಳೆಯದು. ವಿಜಯಪುರದ ಎರೆ ಭೂಮಿಯ ಕೆಳಗಿರುವ ಬಸಾಲ್ಟ್‌ನ ಜಾತಿಯದೇ, ಆದರೆ ವಯಸ್ಸಿನಲ್ಲಿ ಅದಕ್ಕಿಂತ ಬಹಳ ಚಿಕ್ಕದು. ನಮ್ಮಲ್ಲಿ ಆ ಕಲ್ಲೇ ಕರಗಿ ಮಣ್ಣಾಯಿತು. ಇಲ್ಲಿ ಕಲ್ಲಿನ ಮೇಲಿರುವ ಮಣ್ಣು ಬೇರೆ ಕಡೆಯಿಂದ ಬಂದದ್ದು. ಹಿಮಯುಗದ ಮಹಾಪ್ರವಾಹಗಳು ನೈಋತ್ಯದಲ್ಲಿ ಬಿಟ್ಟುಹೋದ ನುಣುಪು ಹೂಳನ್ನು ಗಾಳಿ ಲಕ್ಷಾಂತರ ವರ್ಷ ಹೊತ್ತು ತಂದು ಇಲ್ಲಿ ಹಾಕಿತು. ಕೆಲವು ಕಡೆ ಆ ಮಣ್ಣಿನ ಆಳ ಎಪ್ಪತ್ತು ಮೀಟರ್ ದಾಟುತ್ತದೆ. ಕೈಗೆ ತೆಗೆದುಕೊಂಡರೆ ಹಿಟ್ಟಿನಷ್ಟು ನಯ, ಒಂದು ಹರಳು ಕಲ್ಲು ಸಿಗುವುದಿಲ್ಲ.

ಪುಲ್‌ಮನ್ ಸುತ್ತ ವರ್ಷಕ್ಕೆ ಬೀಳುವುದು ಐನೂರು ಮಿಲಿಮೀಟರ್ ಆಸುಪಾಸು, ನಿಮ್ಮ ಊರಿಗಿಂತ ಕಡಿಮೆಯೇ ಹೊರತು ಹೆಚ್ಚಲ್ಲ. ಅದೂ ಚಳಿಗಾಲದಲ್ಲಿ ಹಿಮವಾಗಿ, ವಸಂತದಲ್ಲಿ ಜಿನುಗು ಮಳೆಯಾಗಿ. ಜುಲೈ, ಆಗಸ್ಟ್‌ನಲ್ಲಿ ಆಕಾಶ ಬರಿದು. ಕಾಲುವೆಯಿಲ್ಲ, ಕೊಳವೆಬಾವಿಯಿಂದ ಹೊಲಕ್ಕೆ ನೀರಿಲ್ಲ. ಆದರೂ ಪೂರ್ವ ಭಾಗದಲ್ಲಿ ಒಳ್ಳೆಯ ವರ್ಷ ಎಕರೆಗೆ ಇಪ್ಪತ್ತು ಕ್ವಿಂಟಾಲ್‌ಗಿಂತ ಮೇಲೆ ಗೋಧಿ ಬರುತ್ತದೆ. ಇದು ಹೇಗೆ ಎಂದು ಬೇರೆಯವರಿಗೆ ವಿವರಿಸಿ ಹೇಳಬೇಕು, ನಿನಗೆ ಬೇಕಿಲ್ಲ. ಹಿಂಗಾರಿಯಲ್ಲಿ ನಮ್ಮ ಎರೆ ನೆಲ ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಕಡಲೆ, ಬಿಳಿಜೋಳ, ಕುಸುಬೆ ಬೆಳೆಯುವುದನ್ನು ನೋಡಿಕೊಂಡು ಬೆಳೆದವಳು ನೀನು. ಇಲ್ಲಿಯೂ ಅದೇ ಲೆಕ್ಕ, ಮಣ್ಣಿನ ಆಳ ಮಾತ್ರ ಹೆಚ್ಚು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದ ಗೋಧಿ ಮೊಳೆತು ಹಿಮದಡಿ ಮಲಗಿದ್ದು ಮುಂದಿನ ಜುಲೈ ಕೊನೆಗೆ ಕಟಾವಿಗೆ ಬರುತ್ತದೆ. ಪಶ್ಚಿಮಕ್ಕೆ ಹೋದಂತೆ ಮಳೆ ಕಡಿಮೆ. ಅಲ್ಲಿ ಒಂದು ವರ್ಷ ಬೆಳೆದು ಒಂದು ವರ್ಷ ನೆಲವನ್ನು ಬೀಳು ಬಿಡುತ್ತಾರೆ.

ಬಂದ ಮೇಲೆ ಸ್ಟೆಪ್ಟೊ ಬ್ಯೂಟ್ ಹತ್ತಲೇಬೇಕು. ಕಾರು ತುದಿಯವರೆಗೂ ಹೋಗುತ್ತದೆ. ಎತ್ತರ 1,101 ಮೀಟರ್. ಲಾವಾ ಬಂದು ಸುತ್ತಲಿನ ಕಣಿವೆಗಳನ್ನೆಲ್ಲ ತುಂಬಿದಾಗ ಮುಳುಗದೆ ಉಳಿದ ಹಳೆಯ ಬೆಟ್ಟದ ನೆತ್ತಿ ಅದು. ಅದರ ಕಲ್ಲು ನಲವತ್ತು ಕೋಟಿ ವರ್ಷಕ್ಕಿಂತ ಹಳೆಯದು. 1888ರಲ್ಲಿ ಒಬ್ಬ ವ್ಯಾಪಾರಿ ಅದರ ತುದಿಯಲ್ಲಿ ಹೋಟೆಲು ಕಟ್ಟಿಸಿದ್ದ, 1911ರಲ್ಲಿ ಅದು ಸುಟ್ಟುಹೋಯಿತು. ಜೂನ್‌ನಲ್ಲಿ ಅಲ್ಲಿ ನಿಂತರೆ ಗೋಧಿಯ ಹಸಿರು, ಬೇಳೆಕಾಳಿನ ತಿಳಿಹಸಿರು, ಬೀಳು ನೆಲದ ಕಂದು, ಎಲ್ಲ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಛಾಯಾಗ್ರಾಹಕರು ದೂರದೂರದಿಂದ ಬರುತ್ತಾರೆ. ಅವರ ಚಿತ್ರಗಳಲ್ಲಿ ಕಾಣದ ಒಂದು ವಿಷಯವಿದೆ: ಉಳುವ ಮೊದಲು ಇಲ್ಲಿದ್ದ ಹುಲ್ಲುಗಾವಲಿನಲ್ಲಿ ನೂರಕ್ಕೆ ಒಂದು ಪಾಲೂ ಇಂದು ಉಳಿದಿಲ್ಲ.

ಆ ಹುಲ್ಲುಗಾವಲಿಗೆ ಮನುಷ್ಯರಿದ್ದರು. ಪಲೂಸ್ ಜನ, ನೆಜ್ ಪರ್ಸ್ ಜನ, ಕರ್ ಡಲೇನ್ ಜನ. ನದಿಯಲ್ಲಿ ಸಾಲ್ಮನ್ ಮೀನು ಹಿಡಿದು, ಒದ್ದೆ ಬಯಲುಗಳಲ್ಲಿ ಕ್ಯಾಮಸ್ ಗೆಡ್ಡೆ ಅಗೆದು, ಕುದುರೆಗಳ ದೊಡ್ಡ ದೊಡ್ಡ ಹಿಂಡು ಸಾಕಿ ಬಾಳಿದವರು. 1855ರಲ್ಲಿ ವಾಲಾ ವಾಲಾದಲ್ಲಿ ಸರ್ಕಾರ ಅವರಲ್ಲಿ ಹಲವರಿಂದ ಒಪ್ಪಂದಗಳಿಗೆ ಗುರುತು ಹಾಕಿಸಿಕೊಂಡಿತು. 1858ರ ಮೇ ತಿಂಗಳಲ್ಲಿ ಕರ್ನಲ್ ಸ್ಟೆಪ್ಟೊನ ಪಡೆಯನ್ನು ಈಗಿನ ರೊಸಾಲಿಯಾ ಊರಿನ ಬಳಿ ಪಲೂಸ್, ಕರ್ ಡಲೇನ್, ಸ್ಪೋಕ್ಯಾನ್ ಜನ ಸುತ್ತುವರಿದು ಸೋಲಿಸಿದರು; ಪಡೆ ರಾತ್ರೋರಾತ್ರಿ ಓಡಿ ತಪ್ಪಿಸಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಲ್ ಜಾರ್ಜ್ ರೈಟ್ ದೊಡ್ಡ ಸೈನ್ಯದೊಡನೆ ಬಂದು ಸೇಡು ತೀರಿಸಿಕೊಂಡ. ಅವರ ಸುಮಾರು ಎಂಟುನೂರು ಕುದುರೆಗಳನ್ನು ಹಿಡಿದು ಕೊಲ್ಲಿಸಿದ, ಚಳಿಗಾಲಕ್ಕೆಂದು ಕೂಡಿಟ್ಟ ಆಹಾರವನ್ನು ಸುಡಿಸಿದ, ಹಲವರನ್ನು ಗಲ್ಲಿಗೇರಿಸಿದ. ಕುದುರೆಯೇ ಆಸ್ತಿ, ಕುದುರೆಯೇ ಕಾಲು ಎಂದಿದ್ದ ಜನರಿಗೆ ಅದು ಎಂಥ ಪೆಟ್ಟು ಎಂದು ಯೋಚಿಸು. ಯುದ್ಧದಲ್ಲಿ ಮುಂದಾಳಾಗಿದ್ದ ಕಮಾಯಕಿನ್ ಎಷ್ಟೋ ವರ್ಷ ತಲೆಮರೆಸಿಕೊಂಡಿದ್ದು, ಕೊನೆಗೆ ಈ ಕೌಂಟಿಯ ರಾಕ್ ಲೇಕ್ ದಂಡೆಯಲ್ಲಿ ನೆಲೆಸಿ 1877ರಲ್ಲಿ ತೀರಿಕೊಂಡ. ಪಲೂಸ್ ಜನರ ವಂಶದವರು ಈಗ ಬೇರೆ ಬೇರೆ ಮೀಸಲು ನೆಲೆಗಳಲ್ಲಿ ಹಂಚಿಹೋಗಿದ್ದಾರೆ. ನದಿಗೆ, ಸೀಮೆಗೆ ಅವರ ಹೆಸರಿದೆ. ಅವರಿಗೆ ಇಲ್ಲಿ ನೆಲವಿಲ್ಲ. ಕೌಂಟಿಗೆ ಹೆಸರು ಕೊಟ್ಟ ಮಾರ್ಕಸ್ ವಿಟ್‌ಮನ್ ಎಂಬ ಮಿಷನರಿ ವೈದ್ಯನ ನೆಲೆ ಇದ್ದದ್ದು ವಾಲಾ ವಾಲಾದ ಬಳಿ, 1847ರಲ್ಲಿ ಅಲ್ಲೇ ಕೊಲೆಯಾದವನು. ಈ ಇತಿಹಾಸವನ್ನು ಬಂದ ಹೊಸದರಲ್ಲೇ ತಿಳಿದುಕೋ ಎಂದು ನಾನು ಒತ್ತಿ ಹೇಳುತ್ತೇನೆ. ಈ ಮಣ್ಣಿನ ಅನ್ನ ಉಣ್ಣುವವರು ಇದನ್ನು ತಿಳಿಯದೆ ಇರಬಾರದು.

ಕೌಂಟಿ ರಚನೆಯಾದದ್ದು 1871ರ ನವೆಂಬರ್‌ನಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಕೋಲ್‌ಫ್ಯಾಕ್ಸ್‌ನಲ್ಲಿ ಜೇಮ್ಸ್ ಪರ್ಕಿನ್ಸ್ ಎಂಬಾತ ಬಂದು ನೆಲೆಸಿದ್ದ, ಮುಂದೆ ಮರ ಕೊಯ್ಯುವ ಗಿರಣಿ ಹಾಕಿದ. 1862ರ ಕಾಯ್ದೆಯಂತೆ ಐದು ವರ್ಷ ಉಳುಮೆ ಮಾಡಿ ನೆಲೆಸಿದವನಿಗೆ 160 ಎಕರೆ ಸಿಗುತ್ತಿತ್ತು. ಮೊದಲು ಬಂದವರು ಹಳ್ಳದ ಪಕ್ಕದ ತಗ್ಗು ನೆಲವನ್ನೇ ಹಿಡಿದರು. ದಿಬ್ಬಗಳು ದನ ಮೇಯಿಸುವುದಕ್ಕಷ್ಟೇ ಎಂಬ ನಂಬಿಕೆ. ದಿಬ್ಬದ ಮೇಲೆ ಗೋಧಿ ಎರಚಿ ನೋಡಿದಾಗ ತಗ್ಗಿಗಿಂತ ಅಲ್ಲೇ ಚೆನ್ನಾಗಿ ಬಂತು. 1883ರಲ್ಲಿ ಕೋಲ್‌ಫ್ಯಾಕ್ಸ್‌ಗೆ ರೈಲು ಬಂತು, ಎರಡು ವರ್ಷದಲ್ಲಿ ಪುಲ್‌ಮನ್‌ಗೂ. ಆಮೇಲೆ ಜನರ ಪ್ರವಾಹ. 1880ರಲ್ಲಿ ಏಳು ಸಾವಿರವಿದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ ಹತ್ತೊಂಬತ್ತು ಸಾವಿರವಾಯಿತು. ರಷ್ಯಾದ ವೋಲ್ಗಾ ನದಿಯ ಬದಿಯಲ್ಲಿ ತಲೆಮಾರುಗಳಿಂದ ಗೋಧಿ ಬೆಳೆಯುತ್ತಿದ್ದ ಜರ್ಮನ್ ಕುಟುಂಬಗಳು 1882ರಲ್ಲಿ ಎಂಡಿಕಾಟ್‌ಗೆ ಬಂದವು. ದಕ್ಷಿಣದ ಯೂನಿಯನ್‌ಟೌನ್, ಕೋಲ್ಟನ್ ಕಡೆ ಕ್ಯಾಥೊಲಿಕ್ ಜರ್ಮನ್ನರು ನೆಲೆಸಿದರು. ಇಂದಿಗೂ ಹೊಲದ ಅಂಚಿನ ಅಂಚೆಪೆಟ್ಟಿಗೆಗಳ ಮೇಲೆ ಅದೇ ಮನೆತನದ ಹೆಸರುಗಳನ್ನು ಓದಬಹುದು. 1893ರಲ್ಲಿ ದೇಶದಲ್ಲೆಲ್ಲ ಬ್ಯಾಂಕು ಕುಸಿದ ವರ್ಷವೇ ಇಲ್ಲಿ ಕಟಾವಿನ ಹೊತ್ತಿಗೆ ಎಡೆಬಿಡದೆ ಮಳೆ ಸುರಿದು ಬೆಳೆ ಹೊಲದಲ್ಲೇ ಕೊಳೆಯಿತು. ಎಷ್ಟೋ ಜನ ಭೂಮಿ ಕಳೆದುಕೊಂಡರು.

1910ರ ಹೊತ್ತಿಗೆ ಕೌಂಟಿಯಲ್ಲಿ ಮೂವತ್ತಮೂರು ಸಾವಿರ ಜನ. ಆಗ ಪುಲ್‌ಮನ್ ಚಿಕ್ಕ ಊರು, ಜನರೆಲ್ಲ ಹಳ್ಳಿಗಳಲ್ಲೇ ಇದ್ದರು. ಮೂವತ್ತು ಕುದುರೆ, ಹೇಸರಗತ್ತೆಗಳನ್ನು ಒಂದೇ ಕಟಾವು ಯಂತ್ರಕ್ಕೆ ಹೂಡಿ ದಿಬ್ಬದ ಮೇಲೆ ನಡೆಸುತ್ತಿದ್ದ ಕಾಲ. ಟ್ರ್ಯಾಕ್ಟರ್ ಬಂತು, ಹೊಲಗಳು ಒಂದರೊಳಗೊಂದು ಸೇರಿದವು, ಕೈಗಳು ಬೇಡವಾದವು. ಈಗ ಸಾವಿರ ಎಕರೆ ಮೀರಿದ ಒಕ್ಕಲುತನ ಇಲ್ಲಿ ಸಾಮಾನ್ಯ. ಅದನ್ನು ನಡೆಸುವವರು ಒಂದು ಮನೆಯ ಅಪ್ಪ, ಮಗ, ಸುಗ್ಗಿಗೆ ಬರುವ ಒಬ್ಬಿಬ್ಬರು ಚಾಲಕರು. ಎಲ್ಲ ಭೂಮಿ ಸ್ವಂತದ್ದಲ್ಲ. ಊರು ಬಿಟ್ಟುಹೋದ ಅಣ್ಣತಮ್ಮಂದಿರ, ಮುದುಕಿಯರ ಹೊಲವನ್ನು ಪಾಲಿಗೆ ಮಾಡುತ್ತಾರೆ. ಹಳೆಯ ವಾಡಿಕೆಯಂತೆ ಮೂರರಲ್ಲಿ ಒಂದು ಪಾಲು ಭೂಮಿಯ ಒಡೆಯರಿಗೆ, ಎರಡು ಪಾಲು ಉಳುವವನಿಗೆ. ಹಳ್ಳಿಗಳಲ್ಲಿ ಮಕ್ಕಳು ಕಡಿಮೆಯಾಗಿ ಶಾಲೆಗಳು ಕೂಡಿಕೊಂಡವು. ಗಾರ್ಫೀಲ್ಡ್ ಮತ್ತು ಪಲೂಸ್ ಎಂಬ ಎರಡು ಊರುಗಳ ಮಕ್ಕಳು ಈಗ ಒಂದೇ ಪ್ರೌಢಶಾಲೆಗೆ ಹೋಗುತ್ತಾರೆ. ನಮ್ಮ ಕಡೆ ಹಳ್ಳಿ ಖಾಲಿಯಾಗುತ್ತಿದೆ ಎಂದು ಕೊರಗುತ್ತೇವಲ್ಲ, ಇಲ್ಲಿ ಅದು ನೂರು ವರ್ಷದಿಂದ ನಡೆಯುತ್ತಿದೆ.

ಕಟಾವನ್ನು ನೀನು ಬಂದ ವಾರದಲ್ಲೇ ನೋಡಬಹುದು. ಕೋಲ್ಟನ್ ಬಳಿ ನಮಗೆ ಬೇಕಾದ ಒಂದು ಮನೆಯಿದೆ. ಸುಗ್ಗಿಯಲ್ಲಿ ನಾನು ಅವರಿಗೆ ಹೊಲಕ್ಕೇ ಬುತ್ತಿ ಒಯ್ಯುತ್ತೇನೆ. ದಿಬ್ಬದ ಇಳಿಜಾರು ಎಷ್ಟೆಂದರೆ ಬರಿಗಾಲಲ್ಲಿ ನಿಂತರೂ ಜಾರಿದಂತಾಗುತ್ತದೆ. ಅಂಥ ಕಡೆ ಯಂತ್ರದ ಮುಂದಿನ ಕೊಯ್ಯುವ ಭಾಗ ನೆಲದ ಓರೆಗೆ ತಕ್ಕಂತೆ ವಾಲುತ್ತದೆ, ಚಕ್ರಗಳೂ ವಾಲುತ್ತವೆ, ಆದರೆ ಚಾಲಕ ಕುಳಿತ ಗೂಡು ಮತ್ತು ಕಾಳು ಒಕ್ಕುವ ಒಡಲು ಮಟ್ಟಸವಾಗಿಯೇ ಉಳಿಯುತ್ತವೆ. ಒಡಲು ಓರೆಯಾದರೆ ಕಾಳೆಲ್ಲ ಒಂದು ಬದಿಗೆ ಸರಿದು ಹೊಟ್ಟಿನೊಡನೆ ಹೊರಗೆ ಹೋಗುತ್ತದೆ. ಇಂಥ ಮಟ್ಟ ಹಿಡಿಯುವ ಯಂತ್ರ ಈ ದಿಬ್ಬಗಳಿಗಾಗಿಯೇ ರೂಪುಗೊಂಡದ್ದು. ತೊಟ್ಟಿ ತುಂಬಿದಾಗ ಪಕ್ಕದಲ್ಲಿ ಇನ್ನೊಂದು ಬಂಡಿ ಓಡಿಬರುತ್ತದೆ; ಎರಡೂ ನಿಲ್ಲದೆ ಸಾಗುತ್ತಿರುವಾಗಲೇ ಕಾಳು ಒಂದರಿಂದ ಒಂದಕ್ಕೆ ಸುರಿಯುತ್ತದೆ. ಲಾರಿ ಅಲ್ಲಿಂದ ಸಹಕಾರಿ ಸಂಘದ ಎಲಿವೇಟರ್‌ಗೆ ಹೋಗುತ್ತದೆ. ಊರೂರಿಗೂ ಆಕಾಶಕ್ಕೆ ನಿಂತ ಕಣಜ ಅದು. ತೂಕದ ಕಟ್ಟೆಯ ಮೇಲೆ ಲಾರಿ ನಿಂತ ಕೂಡಲೇ ಮೇಲಿನಿಂದ ಉದ್ದನೆಯ ಕೊಳವೆಯೊಂದು ಇಳಿದು ಕಾಳಿನೊಳಗೆ ಹೊಕ್ಕು ಮಾದರಿ ಎಳೆದುಕೊಳ್ಳುತ್ತದೆ. ತೇವಾಂಶ, ಕಸ, ತೂಕ, ಎಲ್ಲದರ ಲೆಕ್ಕ ಚೀಟಿಯಲ್ಲಿ ಬರುತ್ತದೆ. ಆ ಚೀಟಿ ಬರುವ ಮೊದಲೇ ಮನೆಯ ಯಜಮಾನ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು, ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾನೆ. ನಮ್ಮ ಅಜ್ಜಂದಿರೂ ರಾಶಿಯ ಕಣದಲ್ಲಿ ಹೀಗೆಯೇ ಮಾಡುತ್ತಿದ್ದರು.

ಈ ಗೋಧಿ ಮೃದು ಬಿಳಿ ಜಾತಿಯದು, ಕೇಕು, ಬಿಸ್ಕತ್ತು, ನೂಡಲ್ಸ್‌ಗೆ ಹೇಳಿ ಮಾಡಿಸಿದ್ದು. ಬಹುಪಾಲು ಜಪಾನ್, ಫಿಲಿಪ್ಪೀನ್ಸ್, ಕೊರಿಯಾಗಳಿಗೆ ಹೋಗುತ್ತದೆ. ಹೋಗುವ ದಾರಿ ಸ್ನೇಕ್ ನದಿ. ದಿಬ್ಬಗಳ ಮೇಲಿನಿಂದ ನದಿಗೆ ಆಳವಾದ ಕಣಿವೆ. ಆಲ್ಮೋಟಾದ ಇಳಿಜಾರಿನಲ್ಲಿ ಲಾರಿಗಳು ಸಾಲಾಗಿ ಇಳಿದು ದಂಡೆಯಲ್ಲಿ ಕಾಳು ಸುರಿಯುತ್ತವೆ. ಬಾರ್ಜ್ ಎಂಬ ಚಪ್ಪಟೆ ತಳದ ಸರಕು ದೋಣಿಯೊಂದರಲ್ಲಿ ನೂರಕ್ಕೂ ಹೆಚ್ಚು ಲಾರಿಗಳ ಹೊರೆ ಹಿಡಿಯುತ್ತದೆ. ಸ್ನೇಕ್ ನದಿಯ ಮೂರು, ಕೊಲಂಬಿಯಾ ನದಿಯ ನಾಲ್ಕು ಅಣೆಕಟ್ಟುಗಳ ಬಾಗಿಲು ದಾಟಿ ಅವು ಪೋರ್ಟ್‌ಲೆಂಡ್ ಸೇರುತ್ತವೆ. 1975ರಲ್ಲಿ ಲೋವರ್ ಗ್ರಾನೈಟ್ ಅಣೆಕಟ್ಟು ಮುಗಿದಾಗ ಈ ದಾರಿ ಐಡಹೊದವರೆಗೂ ತೆರೆಯಿತು. ಅಣೆಕಟ್ಟುಗಳ ನೀರಿನಲ್ಲಿ ದಂಡೆಯ ಹಣ್ಣಿನ ತೋಟಗಳು ಮುಳುಗಿದವು, ಪಲೂಸ್ ಜನರ ಹಳೆಯ ನೆಲೆಗಳು ಮುಳುಗಿದವು, ಸಾಲ್ಮನ್ ಮೀನುಗಳು ಬಹಳ ಕಡಿಮೆಯಾದವು. ಲೋವರ್ ಗ್ರಾನೈಟ್ ಸೇರಿ ಸ್ನೇಕ್ ನದಿಯ ಕೆಳಭಾಗದ ನಾಲ್ಕು ಅಣೆಕಟ್ಟುಗಳನ್ನು ಒಡೆಯಬೇಕೆಂದು ನೆಜ್ ಪರ್ಸ್ ಜನ ಕೇಳುತ್ತಿದ್ದಾರೆ. ಒಡೆದರೆ ನಮ್ಮ ಗೋಧಿಗೆ ದಾರಿಯೇನು ಎಂದು ರೈತರು ಕೇಳುತ್ತಾರೆ. ರೈತರ ಮನೆಯ ಉಪ್ಪು ತಿಂದವಳಾಗಿಯೂ ನನ್ನ ಮನಸ್ಸು ಹೇಳುವುದು ಇಷ್ಟು: 1855ರ ಒಪ್ಪಂದದಲ್ಲಿ ಹಿಂದಿನಂತೆ ಮೀನು ಹಿಡಿಯುವ ಹಕ್ಕನ್ನು ಆ ಜನರಿಗೆ ಮಾತು ಕೊಟ್ಟು ಉಳಿಸಿದ್ದರು. ಮೊದಲು ಕೊಟ್ಟ ಮಾತು ಅದು. ರೈತರಿಗೆ ರೈಲು ದಾರಿ ಸರಿಪಡಿಸಿಕೊಟ್ಟು ಆ ಮಾತನ್ನು ನಡೆಸಬೇಕು. ಊರಿನಲ್ಲಿ ಈ ಮಾತು ಎತ್ತುವಾಗ ಮಾತ್ರ ಎದುರಿಗಿರುವವರು ಯಾರೆಂದು ನೋಡಿಕೊಂಡು ಎತ್ತು, ಎರಡೂ ಕಡೆ ನೋವಿದೆ.

ಈಗ ನಿನ್ನ ವಿಶ್ವವಿದ್ಯಾಲಯಕ್ಕೆ ಬರುತ್ತೇನೆ. 1890ರಲ್ಲಿ ಸ್ಥಾಪನೆಯಾಗಿ 1892ರ ಜನವರಿಯಲ್ಲಿ ಪಾಠ ಆರಂಭವಾದ ಕೃಷಿ ಕಾಲೇಜು ಅದು, ಈ ರೈತರಿಗಾಗಿಯೇ ಹುಟ್ಟಿದ್ದು. ಇಲ್ಲಿ ಪಾಠ ಮಾಡುತ್ತಿದ್ದ ವಿಲಿಯಂ ಸ್ಪಿಲ್‌ಮನ್ ಗೋಧಿಯ ಸಂಕರದಲ್ಲಿ ತೊಡಗಿದ್ದಾಗ ಮೆಂಡೆಲ್‌ನ ಆನುವಂಶಿಕತೆಯ ನಿಯಮಗಳನ್ನು 1901ರ ಸುಮಾರಿಗೆ ತಾನಾಗಿಯೇ ಮತ್ತೆ ಕಂಡುಕೊಂಡ. ಅವನ ಹೆಸರಿನ ಪ್ರಯೋಗದ ಹೊಲದಲ್ಲಿ ನೀನೂ ಕೆಲಸ ಮಾಡಬಹುದು. ಇನ್ನು ಆರ್ವಿಲ್ ವೋಗೆಲ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಿಂದ ಬಂದ ನೋರಿನ್ 10 ಎಂಬ ಗಿಡ್ಡ ಗೋಧಿಯ ಬೀಜ ಅವನ ಕೈಗೆ ಬಂತು. ಅದನ್ನು ಬ್ರೆವರ್ ಎಂಬ ಸ್ಥಳೀಯ ತಳಿಯೊಡನೆ ಕೂಡಿಸಿದ. 1961ರಲ್ಲಿ ಅವನ ಗೇನ್ಸ್ ತಳಿ ಬಂದಾಗ, ತೆನೆಯ ಭಾರಕ್ಕೆ ಬೆಳೆ ನೆಲಕ್ಕೊರಗುವುದು ತಪ್ಪಿ ಇಳುವರಿ ಏರಿತು. ಅದಕ್ಕೂ ಮೊದಲೇ ಆ ಸಂಕರದ ಬೀಜವನ್ನು ಅವನು ಮೆಕ್ಸಿಕೊದಲ್ಲಿದ್ದ ನಾರ್ಮನ್ ಬೋರ್ಲಾಗ್‌ಗೆ ಕೇಳಿದ ಕೂಡಲೇ ಕಳುಹಿಸಿದ್ದ. ಬೋರ್ಲಾಗ್ ಆ ಗಿಡ್ಡ ಗುಣವನ್ನು ತನ್ನ ಗೋಧಿಗೆ ತಂದ. ಅದರಿಂದ ಹುಟ್ಟಿದ ಲೆರ್ಮಾ ರೋಹೊ, ಸೊನೋರಾ 64 ತಳಿಗಳ 18,000 ಟನ್ ಬೀಜವನ್ನು 1966ರಲ್ಲಿ ಭಾರತ ತರಿಸಿಕೊಂಡಿತು. ಹಡಗಿನಿಂದ ಗೋಧಿ ಇಳಿದರೆ ಮಾತ್ರ ಪಡಿತರ ಎಂಬ ಕಾಲ ಅದು. ಹಸಿರು ಕ್ರಾಂತಿಯ ಗಿಡ್ಡ ಗೋಧಿ ಈ ಊರಿನ ಹೊಲದ ಮೂಲಕ ಹಾದುಬಂದದ್ದು. ನೀನು ತೀರ ಅಪರಿಚಿತ ಜಾಗಕ್ಕೆ ಬರುತ್ತಿಲ್ಲ ಎನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನೊಂದು ಸಾಕ್ಷಿಯೂ ಇದೆ. ಕ್ಯಾಂಪಸ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಬೀಜ ಸಂಗ್ರಹಾಲಯವಿದೆ. ಲೋಕದ ಮೂಲೆ ಮೂಲೆಯಿಂದ ತಂದ ಕಡಲೆ, ಮಸೂರ, ಬಟಾಣಿ, ಕುಸುಬೆಯ ಬೀಜಗಳನ್ನು ಅಲ್ಲಿ ತಣ್ಣಗೆ ಕಾಪಾಡುತ್ತಾರೆ, ಬೇಸಿಗೆಯಲ್ಲಿ ಬಿತ್ತಿ ಹೊಸದು ಮಾಡಿಕೊಳ್ಳುತ್ತಾರೆ. ಭಾರತದ ಕುಸುಬೆ ಅಲ್ಲಿ ಹೂಬಿಟ್ಟು ನಿಂತಿರುತ್ತದೆ, ಅದೇ ಹಳದಿ ಕೇಸರಿ, ಅದೇ ಮುಳ್ಳು.

ಬೇಳೆಕಾಳು ಇಲ್ಲಿಗೆ ಬಂದದ್ದು ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ, ಫಾರ್ಮಿಂಗ್ಟನ್ ಎಂಬ ಹಳ್ಳಿಯ ಕಡೆ ಮಸೂರದಿಂದ ಆರಂಭ. ಗೋಧಿಯ ನಂತರ ಒಂದು ವರ್ಷ ಮಸೂರವನ್ನೋ ಕಾಬೂಲಿ ಕಡಲೆಯನ್ನೋ ಹಾಕಿದರೆ ನೆಲಕ್ಕೆ ಸಾರಜನಕ, ರೋಗಕ್ಕೆ ತಡೆ. ಮಸೂರದ ಗಿಡ ಮೊಣಕಾಲಿಗೂ ಬಾರದು. ಕಟಾವು ಯಂತ್ರದ ಅಲಗು ನೆಲ ಸವರಿಕೊಂಡು ಹೋಗಬೇಕು. ಅದಕ್ಕೆಂದೇ ಬಿತ್ತಿದ ಮೇಲೆ ಹೊಲಕ್ಕೆ ಉರುಳುಗುಂಡು ಹೊಡೆದು ಹೆಂಟೆ ಅಡಗಿಸುತ್ತಾರೆ. ದೆಹಲಿಯ ನಿರ್ಧಾರ ಇಲ್ಲಿಯ ಅಡುಗೆಮನೆ ಮುಟ್ಟುವುದು ಈ ಬೆಳೆಯಲ್ಲಿ. 2017ರ ಕೊನೆಯಲ್ಲಿ ಭಾರತ ಬಟಾಣಿಗೆ ಶೇ 50, ಕಡಲೆ, ಮಸೂರಕ್ಕೆ ಶೇ 30 ಆಮದು ಸುಂಕ ಹಾಕಿತು. 2019ರ ಜೂನ್‌ನಲ್ಲಿ ಅಮೆರಿಕದ ಕಾಳಿಗೆ ಇನ್ನಷ್ಟು ಸೇರಿಸಿತು. ಆ ಹೆಚ್ಚುವರಿಯನ್ನು ತೆಗೆದದ್ದು 2023ರ ಸೆಪ್ಟೆಂಬರ್‌ನಲ್ಲಿ. ಸುಂಕ ಬಿದ್ದ ಹೊತ್ತಿನಲ್ಲಿ ಇಲ್ಲಿ ಬೆಲೆ ಇಳಿದು ಕಣಜಗಳಲ್ಲಿ ಕಡಲೆ ಉಳಿಯಿತು. ಹಾಗೆಂದು ನನ್ನನ್ನು ಯಾರೂ ಕಟುವಾಗಿ ಮಾತಾಡಿಸಲಿಲ್ಲ. ಗದಗದ ಕಡಲೆ ಬೆಳೆಗಾರನಿಗೂ ಬೆಲೆ ಸಿಗಬೇಕಲ್ಲ ಎಂದು ನಾನು ಹೇಳಿದಾಗ ಕೋಲ್ಟನ್‌ನ ಆ ಯಜಮಾನ ಹೌದೆಂದು ತಲೆಯಾಡಿಸಿ, ಅಲ್ಲಿ ಎಕರೆಗೆ ಎಷ್ಟು ಬರುತ್ತದೆ, ಮಳೆ ಯಾವಾಗ ಎಂದು ಕೇಳುತ್ತ ಕುಳಿತ. ಆಗಸ್ಟ್‌ನ ಮೂರನೇ ವಾರ ಪುಲ್‌ಮನ್‌ನಲ್ಲಿ ಮಸೂರದ ಹಬ್ಬವೇ ನಡೆಯುತ್ತದೆ, 1989ರಿಂದ. ದೊಡ್ಡ ಕೊಪ್ಪರಿಗೆಯಲ್ಲಿ ಮಸೂರದ ಸಾರು ಬೇಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಖಾರ ಸಾಲದು, ಆದರೆ ಹೋಗು. ಊರಿನವರು ವಿದ್ಯಾರ್ಥಿಗಳೊಡನೆ ಬೆರೆಯುವ ದಿನ ಅದು.

ಜೀವನೋಪಾಯದ ಉಳಿದ ಮಾತು ಬೇಗ ಮುಗಿಸುತ್ತೇನೆ. ವಿಶ್ವವಿದ್ಯಾಲಯವೇ ದೊಡ್ಡ ಉದ್ಯೋಗದಾತ. ಅದರ ನಂತರ 1982ರಲ್ಲಿ ಇಲ್ಲೇ ಹುಟ್ಟಿದ ಶ್ವೈಟ್ಸರ್ ಎಂಜಿನಿಯರಿಂಗ್ ಸಂಸ್ಥೆ. ವಿದ್ಯುತ್ ಜಾಲವನ್ನು ಕಾಯುವ ಡಿಜಿಟಲ್ ರಿಲೇಗಳನ್ನು ತಯಾರಿಸುತ್ತದೆ, ನೌಕರರೇ ಅದರ ಒಡೆಯರು. ವಿದ್ಯುತ್ ಎಂಜಿನಿಯರಿಂಗ್ ಓದಿದ ಭಾರತೀಯರು ಇಲ್ಲಿ ನೆಲೆಸಲು ಅದು ಮುಖ್ಯ ಕಾರಣ. ನಮ್ಮ ಮನೆಯೂ ಹಾಗೆಯೇ ಇಲ್ಲಿಗೆ ಬಂದದ್ದು. ಆಸ್ಪತ್ರೆ, ಶಾಲೆ, ಹೋಟೆಲು ಇವುಗಳ ಮೇಲೂ ಜನ ಬದುಕುತ್ತಾರೆ. ಓಕ್ಸ್‌ಡೇಲ್ ಬಳಿ 2012ರಿಂದ 58 ಗಾಳಿಯಂತ್ರಗಳು ತಿರುಗುತ್ತಿವೆ, ಹೊಲದ ಒಡೆಯರಿಗೆ ಬಾಡಿಗೆ ಬರುತ್ತದೆ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ವಾರಗಟ್ಟಲೆ ಮೋಡ. ಮೊದಲ ಚಳಿಗಾಲದಲ್ಲಿ ಮನಸ್ಸು ಕುಗ್ಗಿದರೆ ಅದು ನಿನ್ನ ದೌರ್ಬಲ್ಯವಲ್ಲ, ಬೆಳಕಿನ ಕೊರತೆ. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆ, ಕ್ಯಾಂಪಸ್ ವೈದ್ಯರ ಬಳಿ ಮಾತಾಡು. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಕೂರುತ್ತದೆ. ಕಾರು ಕೊಂಡರೆ ನವೆಂಬರ್‌ಗೆ ಮೊದಲು ಹಿಮದ ಟೈರು ಹಾಕಿಸು. ಬೇಸಿಗೆಯ ಕೊನೆಗೆ ಕಾಡ್ಗಿಚ್ಚಿನ ಹೊಗೆ ಬರುತ್ತದೆ. 2020ರ ಸೆಪ್ಟೆಂಬರ್ 7ರಂದು ಬಿರುಗಾಳಿಯಲ್ಲಿ ಬೆಂಕಿ ಹರಿದು ಉತ್ತರದ ಮಾಲ್ಡನ್ ಎಂಬ ಹಳ್ಳಿಯ ಬಹುಪಾಲು ಮನೆಗಳು ಒಂದೇ ಮಧ್ಯಾಹ್ನದಲ್ಲಿ ಸುಟ್ಟುಹೋದವು. ಅಂಚೆ ಕಚೇರಿಯೂ ಉಳಿಯಲಿಲ್ಲ. ಕುಡಿಯುವ ನೀರಿಗೆ ಪುಲ್‌ಮನ್, ಗಡಿಯಾಚೆ ಐಡಹೊದಲ್ಲಿರುವ ನೆರೆಯೂರು ಮಾಸ್ಕೊ, ಎರಡೂ ಊರು ನಂಬಿರುವುದು ಬಸಾಲ್ಟ್‌ನೊಳಗಿನ ಅಂತರ್ಜಲವನ್ನು. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಗದಗದವಳಿಗೆ ಅದರ ಅರ್ಥ ಹೇಳಬೇಕಾಗಿಲ್ಲ.

ಜನರ ಬಗ್ಗೆ ಕೇಳಿದ್ದೀಯೆ. ಹಳ್ಳಿ ರಸ್ತೆಯಲ್ಲಿ ಎದುರಾದವರು ಗುರುತಿಲ್ಲದಿದ್ದರೂ ಸ್ಟಿಯರಿಂಗ್ ಮೇಲಿನ ಕೈಯಿಂದ ಎರಡು ಬೆರಳೆತ್ತಿ ಹೋಗುತ್ತಾರೆ. ಹಳ್ಳಕ್ಕೆ ಜಾರಿದ ಕಾರನ್ನು ಎಳೆಯಲು ಟ್ರ್ಯಾಕ್ಟರ್ ತಾನಾಗಿ ಬರುತ್ತದೆ. ಆದರೆ ಮನೆಯೊಳಗೆ ಕರೆಯಲು ಸಮಯ ತೆಗೆದುಕೊಳ್ಳುತ್ತಾರೆ. ತಾವಾಗಿ ಕೇಳುವುದಿಲ್ಲ, ನೀನೇ ಮೊದಲು ಮಾತಾಡಬೇಕು. ಬೆಳೆ ಹೇಗಿದೆ ಎಂದು ಕೇಳಿದರೆ ಸಾಕು. ರಾಜಕೀಯದಲ್ಲಿ ಹಳ್ಳಿಯ ದಾರಿ ಒಂದು, ಕ್ಯಾಂಪಸ್‌ನದು ಇನ್ನೊಂದು. ಕನ್ನಡದ ಮನೆಗಳು ಬೆರಳೆಣಿಕೆಯಷ್ಟು, ಯುಗಾದಿ, ದೀಪಾವಳಿಗೆ ಯಾರಾದರೂ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಮಸೂರ, ಕಡಲೆ ಮಾಸ್ಕೊದ ಸಹಕಾರಿ ಅಂಗಡಿಯಲ್ಲಿ ಚೀಲಗಟ್ಟಲೆ ಸಿಗುತ್ತವೆ. ತೊಗರಿಬೇಳೆ, ಮಸಾಲೆಗಳಿಗೆ ತಿಂಗಳಿಗೊಮ್ಮೆ ಸ್ಪೋಕ್ಯಾನ್. ಜೋಳದ ಹಿಟ್ಟು ಇಲ್ಲಿಯ ಅಂಗಡಿಗಳಲ್ಲೂ ಇರುತ್ತದೆ, ಆದರೆ ಹಳೆಯದಾದ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ನಾನು ಇಡೀ ಜೋಳ ತಂದು ಮನೆಯ ಯಂತ್ರದಲ್ಲೇ ಬೀಸಿಕೊಳ್ಳುತ್ತೇನೆ, ನಿನಗೂ ಕೊಡುತ್ತೇನೆ.

ಬರುವಾಗ ದಪ್ಪ ಕೋಟಿಗೆ ಅಲ್ಲಿ ದುಡ್ಡು ಹಾಕಬೇಡ, ಇಲ್ಲಿ ಹಳೆಯ ಬಟ್ಟೆಯ ಅಂಗಡಿಗಳಲ್ಲಿ ಒಳ್ಳೆಯದೇ ಸಿಗುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಾ. ಬಿತ್ತುವ ಬೀಜ, ಒಣಗಿದ ಎಲೆ, ರೋಗದ ಮಾದರಿ, ಹೊಲದ ಮಣ್ಣು ಅಂಟಿದ ಚಪ್ಪಲಿ, ಇವು ಯಾವುವೂ ಪೆಟ್ಟಿಗೆಯಲ್ಲಿ ಬೇಡ. ನಿನ್ನ ಮಾರ್ಗದರ್ಶಕರು ಪರವಾನಗಿ ಪಡೆದು ತರಿಸಿಕೊಳ್ಳುವ ದಾರಿ ಬೇರೆ ಇದೆ. ಪುಲ್‌ಮನ್–ಮಾಸ್ಕೊ ನಡುವೆ ಚಿಕ್ಕ ವಿಮಾನ ನಿಲ್ದಾಣವಿದೆ, ಸಿಯಾಟಲ್‌ನಿಂದ ವಿಮಾನ ಬರುತ್ತದೆ. ಆದರೂ ಸ್ಪೋಕ್ಯಾನ್‌ಗೆ ಟಿಕೆಟ್ ಮಾಡಿಸು, ಹಗಲು ಹೊತ್ತು ಇಳಿಯುವಂತೆ ನೋಡಿಕೋ. ಟಿಕೆಟ್ ಆದ ಕೂಡಲೇ ದಿನ, ಸಮಯ ಬರೆ. ನಾವೇ ಬಂದು 195ರ ಹೆದ್ದಾರಿಯಲ್ಲಿ ರೊಸಾಲಿಯಾ, ಸ್ಟೆಪ್ಟೊ, ಕೋಲ್‌ಫ್ಯಾಕ್ಸ್ ಮೇಲೆ ಕರೆದುಕೊಂಡು ಬರುತ್ತೇವೆ. ಮನೆ ಸಿಗುವವರೆಗೆ ಅಕ್ಕನ ಮನೆಯಲ್ಲೇ ಇರುತ್ತೇನೆ ಎಂದು ನಿನ್ನ ಅವ್ವನಿಗೆ ಹೇಳು.